ವಯನಾಡಿನ ಮಳೆ, ಬೀಚನಹಳ್ಳಿಯ ಗೇಟು

ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾಗುವ ಮಾತು ಬಂದಾಗ ಎಚ್.ಡಿ. ಕೋಟೆ, ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರದ ಕಡೆ ಈಗ ಎರಡು ಅಭಿಪ್ರಾಯ ಕೇಳಿಬರುತ್ತವೆ. ಮೊದಲನೆಯದು ಅಷ್ಟಿಷ್ಟು ಓದಿಕೊಂಡವರದು, ಮೈಸೂರಿನ ಕಣ್ಣಾಸ್ಪತ್ರೆಗೆ ನಾಲ್ಕು ಸಲ ಹೋಗಿಬಂದವರದು. ಅದರ ಸಾರ ಇಷ್ಟು: ಈ ರೋಗಕ್ಕೆ ಕಾರಣ ಸಿಕ್ಕಿದೆ. ಕಣ್ಣಿನೊಳಗೆ ವಿಇಜಿಎಫ್ ಎಂಬ, ರಕ್ತನಾಳ ಬೆಳೆಸುವ ಒಂದು ಪದಾರ್ಥ ಮಿತಿಮೀರಿ ಹುಟ್ಟುತ್ತದೆ. ಅದರಿಂದ ನಾಳಗಳು ಸೋರುತ್ತವೆ, ಬೇಡದ ಕಡೆ ಹೊಸ ನಾಳಗಳು ಚಿಗುರುತ್ತವೆ, ಅವು ಒಡೆದು ಕಣ್ಣೊಳಗೆ ರಕ್ತ ತುಂಬುತ್ತದೆ. ಈಗ ಆ ಪದಾರ್ಥವನ್ನು ಕಟ್ಟಿಹಾಕುವ ಇಂಜೆಕ್ಷನ್ ಬಂದಿದೆ. ವೈರಿ ಯಾರೆಂದು ಗೊತ್ತಾಯಿತು, ಆಯುಧವೂ ಕೈಗೆ ಬಂತು, ಉಳಿದದ್ದು ದುಡ್ಡು ಹೊಂದಿಸುವ ಕೆಲಸ. ಎರಡನೆಯ ಅಭಿಪ್ರಾಯ ಇದಕ್ಕೆ ತದ್ವಿರುದ್ಧ. ಇಂಜೆಕ್ಷನ್ ಮೇಲುಮೇಲಿನ ಚಿಕಿತ್ಸೆ. ಮೂಲ ಇರುವುದು ಸಕ್ಕರೆಯಲ್ಲಿ. ಸಕ್ಕರೆ ಹತೋಟಿಗೆ ಬಂದರೆ ಕಣ್ಣು ತಾನಾಗಿ ಸರಿಹೋಗುತ್ತದೆ. ಒಮ್ಮೆ ಚುಚ್ಚಿಸಿಕೊಳ್ಳಲು ಶುರುಮಾಡಿದರೆ ಸಾಯುವ ತನಕ ಚುಚ್ಚಿಸಿಕೊಳ್ಳುತ್ತಲೇ ಇರಬೇಕು, ಆದ್ದರಿಂದ ಶುರುಮಾಡದಿರುವುದೇ ಜಾಣತನ.

ಎರಡರಲ್ಲಿ ಯಾವುದನ್ನೂ ಮೂಢನಂಬಿಕೆ ಎಂದು ತಳ್ಳಿಹಾಕುವಂತಿಲ್ಲ. ಮೊದಲನೆಯದಕ್ಕೆ ಗಟ್ಟಿಯಾದ ಆಧಾರವಿದೆ. ಅಮೆರಿಕದ ಡಿಆರ್‌ಸಿಆರ್ ಸಂಶೋಧನಾ ಜಾಲ 2015ರಲ್ಲಿ 660 ಜನರ ಮೇಲಿನ ಪ್ರಯೋಗವೊಂದನ್ನು ಪ್ರಕಟಿಸಿತು. ಅಫ್ಲಿಬರ್‌ಸೆಪ್ಟ್, ಬೆವಸಿಝುಮ್ಯಾಬ್, ರ‍್ಯಾನಿಬಿಝುಮ್ಯಾಬ್ ಎಂಬ ಮೂರು ಔಷಧಿಗಳಲ್ಲಿ ಯಾವುದನ್ನು ಕೊಟ್ಟರೂ, ಒಂದು ವರ್ಷ ಕಳೆಯುವಷ್ಟರಲ್ಲಿ ರೋಗಿಗಳು ಕಣ್ಣಿನ ಪರೀಕ್ಷೆಯ ಹಲಗೆಯಲ್ಲಿ ಸರಾಸರಿ ಹತ್ತರಿಂದ ಹದಿಮೂರು ಅಕ್ಷರ ಹೆಚ್ಚಾಗಿ ಓದಿದರು. ಇಂಥ ಔಷಧಿಗಳು ಬರುವ ಮೊದಲು ಈ ರೋಗದಲ್ಲಿ ಹೋದ ನೋಟ ಇಷ್ಟರ ಮಟ್ಟಿಗೆ ವಾಪಸು ಬಂದದ್ದೇ ಅಪರೂಪ. ಲೇಸರ್ ಕಾಲದಲ್ಲಿ ಇದ್ದದ್ದು ಉಳಿದರೆ ಸಾಕು ಎನ್ನುವಂತಿತ್ತು. ಎರಡನೆಯ ಅಭಿಪ್ರಾಯಕ್ಕೂ ಅಷ್ಟೇ ದೊಡ್ಡ ಬೆಂಬಲವಿದೆ. ಮೊದಲ ಬಗೆಯ ಮಧುಮೇಹವಿದ್ದ 1441 ಜನರನ್ನು ಸರಾಸರಿ ಆರೂವರೆ ವರ್ಷ ಹಿಂಬಾಲಿಸಿ 1993ರಲ್ಲಿ ಹೊರಬಂದ ಡಿಸಿಸಿಟಿ ಅಧ್ಯಯನದಲ್ಲಿ, ಸಕ್ಕರೆಯನ್ನು ಬಿಗಿಯಾಗಿ ಇಟ್ಟುಕೊಂಡವರಿಗೆ ಅಕ್ಷಿಪಟಲದ ತೊಂದರೆ ಹೊಸದಾಗಿ ಶುರುವಾಗುವ ಅಪಾಯ ಶೇ. 76ರಷ್ಟು ಕಡಿಮೆಯಾಗಿತ್ತು. ಹಾಗಾಗಿ ತಪ್ಪು ಮಾಹಿತಿಯಲ್ಲಿಲ್ಲ. ಎರಡೂ ಕಡೆಯವರು ಒಂದೇ ಪದವನ್ನು ನೆಚ್ಚಿ ಕೂತಿದ್ದಾರೆ, ‘ಮೂಲ’ ಎಂಬ ಪದವನ್ನು. ರೋಗಕ್ಕೆ ಒಂದೇ ಮೂಲ ಇರಬೇಕು, ಅದನ್ನು ಹಿಡಿದರೆ ಉಳಿದದ್ದೆಲ್ಲ ಕೈವಶ, ಹಿಡಿಯದಿದ್ದರೆ ಮಾಡಿದ್ದೆಲ್ಲ ನೀರಲ್ಲಿ ಹೋಮ ಎಂಬ ಗ್ರಹಿಕೆ ಇಬ್ಬರದೂ. ನನ್ನ ತಕರಾರು ಅದರ ಮೇಲೆ.

ಋಷಿಮೂಲ, ನದೀಮೂಲ ಹುಡುಕಬಾರದು ಎನ್ನುತ್ತಾರೆ. ಆ ಪಟ್ಟಿಗೆ ರೋಗಮೂಲವನ್ನೂ ಸೇರಿಸಬಹುದಿತ್ತು. ಕಾಕನಕೋಟೆ ಕಾಡಿನ ಪಕ್ಕದಲ್ಲೇ ಅದಕ್ಕೊಂದು ಉದಾಹರಣೆ ಇದೆ. 1974ರಲ್ಲಿ ಮುಗಿದ ಬೀಚನಹಳ್ಳಿ ಅಣೆಕಟ್ಟಿನಲ್ಲಿ ನಿಲ್ಲುವ ಕಪಿಲೆಯ, ಅಂದರೆ ಕಬಿನಿಯ, ನೀರು ಎಲ್ಲಿಯದು? ವಯನಾಡಿನಲ್ಲಿ ಪನಮರಂ ಹೊಳೆ, ಮಾನಂದವಾಡಿ ಹೊಳೆ ಕೂಡಿ ಕಬಿನಿಯಾಗುತ್ತದೆ. ಆ ಒಂದೊಂದು ಹೊಳೆಗೂ ಹತ್ತಾರು ತೊರೆ. ಆಷಾಢದಲ್ಲಿ ಅಲ್ಲಿ ಮಳೆ ಹಿಡಿದರೆ ಇಲ್ಲಿ ಬಿಸಿಲಿದ್ದರೂ ಹೊಳೆ ಏರುತ್ತದೆ. ಪ್ರವಾಹಕ್ಕೆ ಅಣೆಕಟ್ಟಿನ ಗೇಟು ಕಾರಣ ಅಲ್ಲ, ಆದರೂ ಕೆಳಗಿನ ಊರಿಗೆ ಎಷ್ಟು ನೀರು ಹೋಗುತ್ತದೆ ಎಂಬುದು ಗೇಟಿನ ಕೈಯಲ್ಲಿದೆ. ಗೇಟು ಇಳಿಸಿದ ಕೂಡಲೇ ನೀರು ನಿಂತಿತು, ಆದ್ದರಿಂದ ಗೇಟೇ ನೀರಿನ ಮೂಲ ಎಂದು ಯಾರೂ ವಾದಿಸುವುದಿಲ್ಲ. ಮೂಲ ಅಲ್ಲದ ಮೇಲೆ ಗೇಟು ಯಾಕೆ ಬೇಕು ಎಂದೂ ಕೇಳುವುದಿಲ್ಲ. ಕಣ್ಣಿನ ವಿಷಯಕ್ಕೆ ಬಂದಾಗ ಮಾತ್ರ ಇವೆರಡನ್ನೂ ಧಾರಾಳವಾಗಿ ಹೇಳುತ್ತೇವೆ.

ಕಣ್ಣಿನೊಳಗೆ ನಡೆಯುವುದನ್ನು ಮೊದಲಿಂದ ನೋಡೋಣ. ಅಕ್ಷಿಪಟಲ ಕಣ್ಣಿನ ಹಿಂಗೋಡೆಗೆ ಹೊಂದಿಕೊಂಡ, ಕಾಲು ಮಿಲಿಮೀಟರಿನಷ್ಟು ದಪ್ಪದ ಪದರ. ತನ್ನ ತೂಕಕ್ಕೆ ಹೋಲಿಸಿದರೆ ದೇಹದಲ್ಲೇ ಅತಿ ಹೆಚ್ಚು ಆಮ್ಲಜನಕ ಬಳಸುವ ಅಂಗಾಂಶಗಳಲ್ಲಿ ಒಂದು. ಅದರ ಕೂದಲೆಳೆಗಿಂತ ಸಣ್ಣ ನಾಳಗಳ ಒಳಮೈಗೆ ಒಂದು ಸಾಲು ಕೋಶ, ಹೊರಮೈಯನ್ನು ತಬ್ಬಿ ಹಿಡಿಯಲು ಇನ್ನೊಂದು ಬಗೆಯ ಕೋಶ. ಸಕ್ಕರೆ ವರ್ಷಗಟ್ಟಲೆ ಏರಿಯೇ ಇದ್ದರೆ ಹೊರಗಿನ ಈ ಕಾವಲಿನ ಕೋಶಗಳು ಸಾಯುತ್ತವೆ ಎಂಬುದನ್ನು ಕೋಗನ್, ಟೂಸೇಂಟ್, ಕುವಾಬಾರ 1961ರಲ್ಲೇ ತೋರಿಸಿದ್ದರು. ಆಸರೆ ಕಳೆದುಕೊಂಡ ಗೋಡೆ ಅಲ್ಲಲ್ಲಿ ಉಬ್ಬುತ್ತದೆ. ಕಣ್ಣಿನ ಹಿಂಭಾಗದ ಫೋಟೋದಲ್ಲಿ ಕಾಣುವ ಸಣ್ಣ ಕೆಂಪು ಚುಕ್ಕೆಗಳು ಬಹುಪಾಲು ಇವೇ. ಜೊತೆಜೊತೆಗೆ ಬಿಳಿ ರಕ್ತಕಣಗಳು ನಾಳದ ಒಳಮೈಗೆ ಅಂಟಿಕೊಳ್ಳುತ್ತವೆ, ಕೆಲವು ನಾಳಗಳು ಮುಚ್ಚಿಹೋಗುತ್ತವೆ, ಅವುಗಳ ಆಚೆಯ ಭಾಗಕ್ಕೆ ಉಸಿರು ಸಾಲದಾಗುತ್ತದೆ. ಆಮ್ಲಜನಕ ಕಡಿಮೆಯಾದದ್ದನ್ನು ಕೋಶ ಹೇಗೆ ಅರಿಯುತ್ತದೆ ಎಂಬುದನ್ನು ಬಿಡಿಸಿ ತೋರಿಸಿದ್ದಕ್ಕೆ ಸೆಮೆಂಜಾ, ರ‍್ಯಾಟ್‌ಕ್ಲಿಫ್, ಕೇಲಿನ್ ಮೂವರಿಗೆ 2019ರ ನೊಬೆಲ್ ಬಂತು. ಆ ಅರಿವಿನ ಯಂತ್ರ ಚಾಲೂ ಆದಾಗ ಕೋಶ ಹೊರಬಿಡುವ ಪದಾರ್ಥಗಳಲ್ಲಿ ಮುಖ್ಯವಾದದ್ದು ವಿಇಜಿಎಫ್. ಉಸಿರು ಸಾಲುತ್ತಿಲ್ಲ, ಹೊಸ ನಾಳ ಕಳಿಸಿ ಎಂಬ ಅಹವಾಲು ಅದು. ಅಂದರೆ ಈ ಪದಾರ್ಥ ಸರಪಳಿಯ ಮೊದಲ ಕೊಂಡಿಯೂ ಅಲ್ಲ, ಕೊನೆಯದೂ ಅಲ್ಲ.

ಇದನ್ನು ಕಂಡುಹಿಡಿದ ಕಥೆಯೂ ಅದನ್ನೇ ಹೇಳುತ್ತದೆ. ಉಸಿರುಗಟ್ಟಿದ ಅಕ್ಷಿಪಟಲ ಯಾವುದೋ ರಾಸಾಯನಿಕ ಸಂಕೇತ ಕಳಿಸುತ್ತಿರಬೇಕು ಎಂದು ಐಸಾಕ್ ಮೈಕೆಲ್ಸನ್ 1948ರಲ್ಲಿ ಊಹಿಸಿದರು. 1983ರಲ್ಲಿ ಬಾಸ್ಟನ್ನಿನ ಸೆಂಗರ್ ಮತ್ತು ಡ್ವೊರಾಕ್, ನಾಳಗಳು ಸೋರುವಂತೆ ಮಾಡುವ ಒಂದು ಪ್ರೋಟೀನನ್ನು ಬೇರ್ಪಡಿಸಿದರು. 1989ರಲ್ಲಿ ನೆಪೋಲಿಯೋನ್ ಫೆರಾರಾ ನಾಳಗಳನ್ನು ಬೆಳೆಸುವ ಪ್ರೋಟೀನೊಂದನ್ನು ಗುರುತಿಸಿ ವಿಇಜಿಎಫ್ ಎಂದು ಹೆಸರಿಟ್ಟರು. ಸೋರಿಸುವುದೂ ಬೆಳೆಸುವುದೂ ಒಂದೇ ಎಂದು ಆಮೇಲೆ ತಿಳಿಯಿತು. 1994ರಲ್ಲಿ ಏಯ್ಲೊ ಮತ್ತು ಸಂಗಡಿಗರು ಕಣ್ಣೊಳಗಿನ ದ್ರವವನ್ನೇ ತೆಗೆದು ಅಳೆದರು. ಮಧುಮೇಹದಿಂದ ಅಕ್ಷಿಪಟಲ ಕೆಟ್ಟವರ 136 ಮಾದರಿಗಳಲ್ಲಿ 69ರಲ್ಲಿ ಅದು ಸಿಕ್ಕಿತು; ಹೊಸ ನಾಳದ ತೊಂದರೆ ಇಲ್ಲದವರ 31 ಮಾದರಿಗಳಲ್ಲಿ ಸಿಕ್ಕಿದ್ದು ಎರಡರಲ್ಲಿ ಮಾತ್ರ. ವೈರಿ ಸಿಕ್ಕಿದ ಎಂಬ ಮಾತಿಗೆ ಈ ಲೆಕ್ಕವೇ ಅಡಿಪಾಯ. ಅದೇ ಪ್ರಬಂಧದ ಇನ್ನೊಂದು ಅಂಕಿಯನ್ನು ಯಾಕೋ ಯಾರೂ ಎತ್ತಿ ಹೇಳುವುದಿಲ್ಲ: ಲೇಸರ್ ಚಿಕಿತ್ಸೆ ಫಲಿಸಿದ ಕಣ್ಣುಗಳಲ್ಲಿ ವಿಇಜಿಎಫ್ ಪ್ರಮಾಣ ಶೇ. 75ರಷ್ಟು ಇಳಿದಿತ್ತು. ಲೇಸರ್ ಈ ಪ್ರೋಟೀನನ್ನು ಮುಟ್ಟುವುದೇ ಇಲ್ಲ. ಅಕ್ಷಿಪಟಲದ ಅಂಚಿನ ಭಾಗದಲ್ಲಿ ಸಾವಿರಕ್ಕೂ ಹೆಚ್ಚು ಚುಕ್ಕೆ ಸುಟ್ಟು, ಆಮ್ಲಜನಕ ಕೇಳುವ ಬಾಯಿಗಳನ್ನೇ ಕಡಿಮೆ ಮಾಡುತ್ತದೆ. ಬೇಡಿಕೆ ಇಳಿದರೆ ಅಹವಾಲೂ ಇಳಿಯುತ್ತದೆ. ಸಂಕೇತವನ್ನು ಕಟ್ಟಿಹಾಕುವುದು ಒಂದು ದಾರಿ, ಸಂಕೇತ ಕಳಿಸುವ ಅಗತ್ಯವನ್ನೇ ಕಡಿಮೆ ಮಾಡುವುದು ಇನ್ನೊಂದು. ಮೊದಲನೆಯದರ ಬಲ ಔಷಧಿ ಕಣ್ಣಲ್ಲಿ ಇರುವಷ್ಟು ದಿನ. ಎರಡನೆಯದು ಒರಟು, ಆದರೆ ನಿಲ್ಲುತ್ತದೆ.

ವಿಇಜಿಎಫ್ ಅನ್ನು ಖಳನಾಯಕ ಮಾಡುವವರು ಅವಧಿಗೆ ಮುಂಚೆ ಹುಟ್ಟಿದ ಮಕ್ಕಳ ಕಣ್ಣನ್ನು ಒಮ್ಮೆ ಗಮನಿಸಬೇಕು. ತಾಯಿಯ ಹೊಟ್ಟೆಯಲ್ಲಿ ಅಕ್ಷಿಪಟಲದ ನಾಳಗಳು ನಡುವಿನಿಂದ ಅಂಚಿನ ಕಡೆಗೆ ಹಬ್ಬುವುದು ಇದೇ ಪದಾರ್ಥದ ಕರೆಗೆ ಓಗೊಟ್ಟು. ತಿಂಗಳು ತುಂಬದೆ ಹುಟ್ಟಿದ ಮಗುವಿಗೆ ಆಮ್ಲಜನಕ ಹೆಚ್ಚು ಕೊಟ್ಟಾಗ ಕರೆ ನಿಂತು ನಾಳಗಳ ಬೆಳವಣಿಗೆ ಅರ್ಧಕ್ಕೇ ನಿಲ್ಲುತ್ತದೆ. ಕೆಲವು ವಾರದ ನಂತರ ನಾಳವಿಲ್ಲದ ಭಾಗ ಉಸಿರಿಗೆ ತಹತಹಿಸಿ ಅತಿಯಾಗಿ ಕರೆಯುತ್ತದೆ, ನಾಳಗಳು ಅಡ್ಡಾದಿಡ್ಡಿ ಬೆಳೆಯುತ್ತವೆ. ಒಂದೇ ಪದಾರ್ಥ ಕಡಿಮೆಯಾದದ್ದರಿಂದ ಮೊದಲ ಕೇಡು, ಹೆಚ್ಚಾದದ್ದರಿಂದ ಎರಡನೆಯದು. ಈ ಮಕ್ಕಳಿಗಾಗಿ 2008ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿನೇಕರ್ ಆರಂಭಿಸಿದ ಕಿಡ್‌ರಾಪ್ ಯೋಜನೆಯ ವಿಷಯಕ್ಕೆ ಮುಂದೆ ಬರುತ್ತೇನೆ. ಮೂತ್ರಪಿಂಡದ ಸೋಸುವ ಜಾಲರಿ ಆರೋಗ್ಯವಾಗಿರಲೂ ವಿಇಜಿಎಫ್ ಬೇಕು. ಕ್ಯಾನ್ಸರಿಗೆಂದು ಇದೇ ಬಗೆಯ ಔಷಧಿಯನ್ನು ದೊಡ್ಡ ಪ್ರಮಾಣದಲ್ಲಿ ರಕ್ತಕ್ಕೆ ಕೊಟ್ಟಾಗ ಮೂತ್ರದಲ್ಲಿ ಪ್ರೋಟೀನ್ ಹೋಗತೊಡಗುವುದು ಅದಕ್ಕೇ.

ಇನ್ನು ಉರಿಯೂತ. ಈ ಪದವೇ ದಾರಿ ತಪ್ಪಿಸುತ್ತದೆ. ಉರಿಯೂ ಇರಬೇಕು, ಊತವೂ ಇರಬೇಕು ಎಂದು ಹೆಸರೇ ಹೇಳುವುದರಿಂದ, ಕಣ್ಣು ಕೆಂಪಾಗಿಲ್ಲ, ನೀರು ಸುರಿಯುತ್ತಿಲ್ಲ, ನೋವಿಲ್ಲ, ಮತ್ತೆಲ್ಲಿಯ ಉರಿಯೂತ ಎಂದು ಕೇಳುತ್ತಾರೆ. ಕೆ.ಆರ್. ನಗರದ ಗದ್ದೆ ಬಯಲಲ್ಲಿ ಭತ್ತಕ್ಕೆ ಬೀಳುವ ‘ಬೆಂಕಿ ರೋಗ’ದಲ್ಲಿ ಬೆಂಕಿ ಎಲ್ಲಿದೆ? ಮಧುಮೇಹದ ಕಣ್ಣಿನ ಉರಿಯೂತ ಕೋಶಗಳ ಮಟ್ಟದ್ದು, ತಣ್ಣಗೆ ನಡೆಯುವಂಥದ್ದು. ಐಎಲ್-6, ಐಎಲ್-8, ಎಂಸಿಪಿ-1, ಟಿಎನ್ಎಫ್-ಆಲ್ಫಾ ಎಂಬ ಸಂಕೇತ ಪದಾರ್ಥಗಳು ಏರುತ್ತವೆ. ನಾಳದ ಒಳಮೈ ಅಂಟಂಟಾಗುತ್ತದೆ. ಕೆಂಪು ಕಣದಷ್ಟು ಸುಲಭವಾಗಿ ಮೈ ಬಗ್ಗಿಸಲಾರದ ಬಿಳಿ ಕಣ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಹೀಗೆಂದ ಮೇಲೆ, ಹಾಗಾದರೆ ಉರಿಯೂತವೇ ನಿಜವಾದ ಮೂಲ, ವಿಇಜಿಎಫ್ ಬರೀ ಅದರ ನೆರಳು ಎಂಬ ಮೂರನೆಯ ವಾದ ಹುಟ್ಟಿಕೊಳ್ಳುತ್ತದೆ. ಅದೂ ನಿಲ್ಲುವುದಿಲ್ಲ. ಕೀಲುವಾತಕ್ಕೆ ಆಸ್ಪಿರಿನ್ ಬಗೆಯ ಮಾತ್ರೆ ತಿನ್ನುವ ಮಧುಮೇಹಿಗಳಲ್ಲಿ ಅಕ್ಷಿಪಟಲದ ತೊಂದರೆ ಕಡಿಮೆ ಕಾಣುತ್ತದೆ ಎಂದು 1964ರಲ್ಲೇ ಗಮನಿಸಲಾಗಿತ್ತು. ಆಸೆ ಹುಟ್ಟಿಸುವ ಸುಳಿವು. ಆಮೇಲೆ 3711 ಜನರ ದೊಡ್ಡ ಅಧ್ಯಯನದಲ್ಲಿ ದಿನಕ್ಕೆ 650 ಮಿಲಿಗ್ರಾಂ ಆಸ್ಪಿರಿನ್ ಕೊಟ್ಟು ನೋಡಿದರೆ ರೋಗ ಮುಂದುವರಿಯುವುದು ತಪ್ಪಲಿಲ್ಲ. ಸ್ಟೆರಾಯ್ಡ್ ಕಣ್ಣಿನ ಊತವನ್ನು ಇಳಿಸುತ್ತದೆ, ನಿಜ; ಪೊರೆಯನ್ನೂ ಕಣ್ಣಿನ ಒತ್ತಡವನ್ನೂ ಜೊತೆಗೆ ತರುತ್ತದೆ. ವಿಇಜಿಎಫ್ ತಡೆಯುವ ಇಂಜೆಕ್ಷನ್ನಿಗೆ ಪೂರ್ತಿ ಬಗ್ಗದ ಕಣ್ಣುಗಳಿಗೆ ಅದರ ಜೊತೆ ಸ್ಟೆರಾಯ್ಡನ್ನೂ ಸೇರಿಸಿ ಕೊಟ್ಟ ಪ್ರಯೋಗದ ಫಲಿತಾಂಶ 2018ರಲ್ಲಿ ಬಂತು: ಊತ ಇನ್ನಷ್ಟು ಇಳಿಯಿತು, ನೋಟ ಮಾತ್ರ ಬರೀ ಇಂಜೆಕ್ಷನ್ ಪಡೆದವರಿಗಿಂತ ಸುಧಾರಿಸಲಿಲ್ಲ.

ಕಪಿಲೆಯ ಹೋಲಿಕೆ ಇಲ್ಲಿ ಮುರಿಯುತ್ತದೆ, ಅದನ್ನೂ ಒಪ್ಪಿಕೊಳ್ಳಬೇಕು. ಅಣೆಕಟ್ಟು ವಯನಾಡಿನಲ್ಲಿ ಮಳೆ ತರಿಸುವುದಿಲ್ಲ. ವಿಇಜಿಎಫ್ ಮಾತ್ರ ತನ್ನ ಮೇಲ್ದಂಡೆಯ ಮೇಲೂ ಕೆಲಸ ಮಾಡುತ್ತದೆ: ನಾಳದ ಒಳಮೈಯನ್ನು ಇನ್ನಷ್ಟು ಅಂಟಾಗಿಸುತ್ತದೆ, ಬಿಳಿ ಕಣಗಳನ್ನು ಕರೆಯುತ್ತದೆ, ಬಂದ ಕಣಗಳು ಇನ್ನಷ್ಟು ವಿಇಜಿಎಫ್ ತರುತ್ತವೆ. ಉರಿಯೂತ ಮತ್ತು ಬೆಳವಣಿಗೆಯ ಸಂಕೇತ ಒಂದನ್ನೊಂದು ತಿವಿದು ಎಬ್ಬಿಸುವ ಸುತ್ತು ಇದು. ಸುತ್ತಿಗೆ ತುದಿ ಬುಡ ಇರುವುದಿಲ್ಲ, ಎಲ್ಲಿ ಹಿಡಿದರೆ ಸುತ್ತು ನಿಧಾನವಾಗುತ್ತದೆ ಎಂದಷ್ಟೇ ಕೇಳಬಹುದು. 2022ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಫಾರಿಸಿಮ್ಯಾಬ್ ಎಂಬ ಔಷಧಿ ವಿಇಜಿಎಫ್ ಜೊತೆಗೆ ನಾಳದ ಗೋಡೆಯನ್ನು ಸಡಿಲಿಸುವ ಇನ್ನೊಂದು ಪದಾರ್ಥವನ್ನೂ ಹಿಡಿಯುವುದು ಈ ತಿಳಿವಳಿಕೆಯ ಮೇಲೆಯೇ. ಇಂಜೆಕ್ಷನ್ ಕೊಟ್ಟಾಗ ಊತ ಇಳಿಯುತ್ತದಲ್ಲ, ಕಾರಣ ಅದೇ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ ಎಂಬ ಪ್ರಶ್ನೆಗೂ ಇಲ್ಲೇ ಉತ್ತರವಿದೆ. ಆರು ತಿಂಗಳು ಬಿಡದೆ ಚಿಕಿತ್ಸೆ ಮಾಡಿದ ಮೇಲೂ, ಔಷಧಿ ಯಾವುದು ಎಂಬುದನ್ನು ಅವಲಂಬಿಸಿ, ಸುಮಾರು ಮೂರನೇ ಒಂದರಿಂದ ಮೂರನೇ ಎರಡು ಪಾಲು ಕಣ್ಣುಗಳಲ್ಲಿ ಊತ ಉಳಿದೇ ಇತ್ತು ಎಂದು 2015ರ ಅದೇ ಪ್ರಯೋಗದ ಲೆಕ್ಕವನ್ನು ಮತ್ತೆ ಬಿಡಿಸಿದಾಗ ತಿಳಿಯಿತು. ಅದೊಂದೇ ಕಾರಣವಾಗಿದ್ದರೆ ಹೀಗಾಗುತ್ತಿರಲಿಲ್ಲ.

ಸಕ್ಕರೆಯೇ ಮೂಲ ಎನ್ನುವವರ ಕಡೆ ಈಗ ತಿರುಗಬಹುದು. ಅವರ ವಾದದಲ್ಲಿ ಕಾಲದ ಲೆಕ್ಕ ತಪ್ಪಿದೆ. ಡಿಸಿಸಿಟಿ ಮುಗಿದ ಮೇಲೆ ಎರಡೂ ಗುಂಪಿನವರ ಸಕ್ಕರೆ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬಂತು; ಆದರೂ ಮೊದಲು ಸಡಿಲ ಬಿಟ್ಟವರ ಕಣ್ಣು ಮುಂದೆ ಎಷ್ಟೋ ವರ್ಷ ಹೆಚ್ಚಾಗಿ ಕೆಡುತ್ತಲೇ ಹೋಯಿತು. ಹಳೆಯ ಸಕ್ಕರೆಯ ನೆನಪನ್ನು ನಾಳ ಇಟ್ಟುಕೊಳ್ಳುತ್ತದೆ. ಅಷ್ಟೇ ಅಲ್ಲ, ಬಹಳ ಏರಿದ್ದ ಸಕ್ಕರೆಯನ್ನು ಬಿಗಿಯಾಗಿ ಇಳಿಸಿದಾಗ ಮೊದಲ ವರ್ಷದಲ್ಲಿ ಕಣ್ಣು ಕೆಡುವುದೂ ಉಂಟು. ಡಿಸಿಸಿಟಿಯಲ್ಲೇ ಬಿಗಿ ಗುಂಪಿನ ಶೇ. 13.1 ಜನರಿಗೆ, ಸಡಿಲ ಗುಂಪಿನ ಶೇ. 7.6 ಜನರಿಗೆ ಹಾಗಾಗಿತ್ತು. ನೀವು ಹೇಳಿದಂತೆ ಅನ್ನ ಬಿಟ್ಟೆ, ಮುದ್ದೆಯನ್ನೂ ಅರ್ಧ ಮಾಡಿದೆ, ಶುಗರ್ ನಾರ್ಮಲ್ ಬಂತು, ಕಣ್ಣು ಯಾಕೆ ಕೆಟ್ಟಿತು ಎಂದು ಕೇಳುವ ರೋಗಿ ಸುಳ್ಳು ಹೇಳುತ್ತಿರುವುದಿಲ್ಲ. ಸಕ್ಕರೆ ಇಳಿಸಬಾರದು ಎಂಬುದು ಇದರ ಅರ್ಥವಲ್ಲ, ದೀರ್ಘಕಾಲದಲ್ಲಿ ಲಾಭ ಅಲ್ಲೇ ಇದೆ. ಸೋರಿ ನೆನೆದ ಅಕ್ಷಿಪಟಲದ ನಡುಭಾಗ ಅಷ್ಟು ಕಾಲ ಕಾಯುವುದಿಲ್ಲ ಎಂಬುದು ನನ್ನ ಮಾತು. ಬರೀ ಸಕ್ಕರೆಯ ಜಪದಲ್ಲಿ ಇನ್ನೊಂದು ತೊರೆ ಮರೆತೇಹೋಗುತ್ತದೆ. ಎರಡನೇ ಬಗೆಯ ಮಧುಮೇಹದವರನ್ನು ಕುರಿತು ಬ್ರಿಟನ್ನಿನಲ್ಲಿ ನಡೆದು 1998ರಲ್ಲಿ ಪ್ರಕಟವಾದ ಯುಕೆಪಿಡಿಎಸ್‌ನಲ್ಲಿ, ಬಿಪಿಯನ್ನು ಬಿಗಿಯಾಗಿ ಇಟ್ಟವರಲ್ಲಿ ಅಕ್ಷಿಪಟಲದ ರೋಗ ಮುಂದುವರಿಯುವುದು ಶೇ. 34ರಷ್ಟು, ನೋಟ ಗಣನೀಯವಾಗಿ ಕುಂದುವುದು ಶೇ. 47ರಷ್ಟು ಕಡಿಮೆಯಾಗಿತ್ತು. ಬಿಪಿ ಮಾತ್ರೆಯನ್ನು ಯಾರೂ ‘ಕಣ್ಣಿನ ಔಷಧಿ’ ಎಂದು ಕರೆಯುವುದಿಲ್ಲ. ಕರೆಯಬೇಕಿತ್ತು.

ಹಾಗಾದರೆ ಯಾವ ಹಂತದಲ್ಲಿ ಯಾವ ಕೊಂಡಿ? ಈಗ ಗೊತ್ತಿರುವುದನ್ನು ಹೀಗೆ ಹೇಳಬಹುದು.

1. ಕೆಂಪು ಚುಕ್ಕೆ ಕಂಡವರಿಗೆಲ್ಲ ಇಂಜೆಕ್ಷನ್ ಬೇಡ. ರೋಗ ಸಾಕಷ್ಟು ಮುಂದುವರಿದಿದ್ದರೂ ಹೊಸ ನಾಳ ಇನ್ನೂ ಹುಟ್ಟಿರದ ಕಣ್ಣುಗಳಿಗೆ ಮುಂಚಿತವಾಗಿ ಔಷಧಿ ಚುಚ್ಚಿ ನಾಲ್ಕು ವರ್ಷ ನೋಡಿದ ಪ್ರಯೋಗ 2023ರಲ್ಲಿ ಪ್ರಕಟವಾಯಿತು. ಹೊಸ ನಾಳವೋ ಊತವೋ ಬರುವ ಸಾಧ್ಯತೆ ಶೇ. 57ರಿಂದ 34ಕ್ಕೆ ಇಳಿಯಿತು. ಓದುವ ಅಕ್ಷರಗಳ ಲೆಕ್ಕದಲ್ಲಿ ಎರಡು ಗುಂಪಿಗೂ ವ್ಯತ್ಯಾಸ ಇರಲಿಲ್ಲ. ಫೋಟೋ ಚೆನ್ನಾಗಿ ಬರುವುದೇ ಬೇರೆ, ಕಣ್ಣು ಚೆನ್ನಾಗಿ ಕಾಣುವುದೇ ಬೇರೆ.

2. ನಡುಭಾಗದಲ್ಲಿ ಊತ ಇದ್ದೂ ನೋಟ ಚೆನ್ನಾಗಿಯೇ ಇದ್ದರೆ ಕಾಯಬಹುದು. 702 ಜನರ 2019ರ ಅಧ್ಯಯನದಲ್ಲಿ ಎರಡು ವರ್ಷದ ಕೊನೆಗೆ ನೋಟ ಕುಂದಿದವರು ಇಂಜೆಕ್ಷನ್ ಗುಂಪಿನಲ್ಲಿ ಶೇ. 16, ಬರೀ ಗಮನಿಸುತ್ತ ಇದ್ದ ಗುಂಪಿನಲ್ಲಿ ಶೇ. 19. ಕಾಯುವುದು ಎಂದರೆ ಹೇಳಿದ ದಿನಕ್ಕೆ ಬಂದು ತೋರಿಸುತ್ತಿರುವುದು, ನೋಟ ಕುಂದಿದ ತಕ್ಷಣ ಚುಚ್ಚಿಸಿಕೊಳ್ಳುವುದು, ಮನೆಯಲ್ಲಿ ಕೂರುವುದಲ್ಲ.

3. ನಡುಭಾಗ ಊದಿ ನೋಟ ಕುಂದಿದ್ದರೆ ಇಂಜೆಕ್ಷನ್ನೇ ಸರಿ. ಅಲ್ಲಿ ಪಥ್ಯದ ಉಪದೇಶ ಮಾಡುತ್ತ ತಿಂಗಳು ಕಳೆಯುವುದು ಕೇಡು.

ಸಾಯುವ ತನಕ ಚುಚ್ಚಬೇಕು ಎಂಬ ಭಯಕ್ಕೂ ಉತ್ತರವಿದೆ. ಐದು ವರ್ಷ ಹಿಂಬಾಲಿಸಿದ ಅಧ್ಯಯನದಲ್ಲಿ ಮೊದಲ ವರ್ಷ ಎಂಟೊಂಬತ್ತು ಇಂಜೆಕ್ಷನ್ ಬೇಕಾದವು, ಎರಡನೇ ವರ್ಷ ಎರಡು ಮೂರು, ನಾಲ್ಕನೇ ವರ್ಷಕ್ಕೆ ಒಂದೋ ಸೊನ್ನೆಯೋ. ಇಂಜೆಕ್ಷನ್ ಚಟ ಹಿಡಿಸುವುದಿಲ್ಲ. ಅದರ ಕೆಲಸ ಮುಗಿಯಲು ಕಾಲ ಬೇಕು, ಅಷ್ಟೇ. ಚುಚ್ಚುವ ಕ್ರಿಯೆಯೂ ಕೇಳಿದಾಗ ಆಗುವ ಎದೆನಡುಕಕ್ಕೆ ತಕ್ಕಷ್ಟು ದೊಡ್ಡದಲ್ಲ. ಮರಗಟ್ಟಿಸುವ ಹನಿ, ಕಂದು ಬಣ್ಣದ ಅಯೋಡಿನ್ ಹನಿ, ರೆಪ್ಪೆ ಮುಚ್ಚದಂತೆ ಒಂದು ತಂತಿಯ ಕ್ಲಿಪ್ಪು. ಕಪ್ಪುಗುಡ್ಡೆಯ ಅಂಚಿನಿಂದ ಮೂರೂವರೆ ನಾಲ್ಕು ಮಿಲಿಮೀಟರ್ ದೂರದಲ್ಲಿ ಬಿಳಿಭಾಗಕ್ಕೆ ಕೂದಲಿನಂಥ ಸೂಜಿ ಇಳಿಯುತ್ತದೆ. ಒಳಗೆ ಹೋಗುವ ಔಷಧಿ 0.05 ಮಿಲಿಲೀಟರ್, ಒಂದು ಹನಿಯಷ್ಟು. ಕೆಲವರಿಗೆ ಆಮೇಲೆ ಕಪ್ಪು ಗುಳ್ಳೆಯೊಂದು ದಿನವೆಲ್ಲ ಕಣ್ಣ ಮುಂದೆ ತೇಲಿದಂತಿರುತ್ತದೆ. ಕಷ್ಟ ಇರುವುದು ಸೂಜಿಯಲ್ಲಲ್ಲ, ನಾಲ್ಕು ವಾರಕ್ಕೆ ಮತ್ತೆ ಹೋಗುವುದರಲ್ಲಿ. ಪರೀಕ್ಷೆಗೆಂದು ಪಾಪೆ ಹಿಗ್ಗಿಸುವ ಹನಿ ಹಾಕಿದ ಮೇಲೆ ಐದಾರು ಗಂಟೆ ಮಬ್ಬು, ಆದ್ದರಿಂದ ಒಬ್ಬರೇ ಹೋಗುವಂತಿಲ್ಲ. ಇಬ್ಬರ ಕೂಲಿ ಹೋಯಿತು. ಕಾಕನಕೋಟೆ ಕಾಡು ಹಾದುಹೋಗುವ ಮಾನಂದವಾಡಿ ರಸ್ತೆಗೆ ಸಂಜೆ ಆರಕ್ಕೆ ಗೇಟು ಬೀಳುತ್ತದೆ, ಆಚೆ ಬದಿಯ ಊರಿನವರು ಅಷ್ಟರೊಳಗೆ ದಾಟಬೇಕು. ಹುಣಸೂರು, ಪಿರಿಯಾಪಟ್ಟಣದಲ್ಲಿ ಜುಲೈಯಿಂದ ಹೊಗೆಸೊಪ್ಪು ಬೇಯಿಸುವ ಕಾಲ: ಒಂದು ಬ್ಯಾರನ್ (ಸೊಪ್ಪು ಬೇಯಿಸುವ ಗೂಡು) ಬೇಯಲು ಐದಾರು ದಿನ, ಹಗಲೂ ರಾತ್ರಿ ಬೆಂಕಿಯ ಹದ ನೋಡಬೇಕು, ಒಂದು ಇಳಿಯುವಷ್ಟರಲ್ಲಿ ಇನ್ನೊಂದಕ್ಕೆ ಕಡ್ಡಿಗೆ ಸೊಪ್ಪು ಕಟ್ಟಬೇಕು. ಆ ಎರಡು ಮೂರು ತಿಂಗಳಲ್ಲಿ ಬನ್ನಿ ಎಂದರೆ ಯಾರು ಬರುತ್ತಾರೆ?

ವಿಇಜಿಎಫ್ ಸಂಕೇತವೇ ಹೊರತು ಮೂಲವಲ್ಲ ಎಂಬ ಅಂಶ ಪುಸ್ತಕದಿಂದ ಬದುಕಿಗೆ ಇಳಿಯುವುದು ಇಲ್ಲಿ. ಹೊಸ ನಾಳ ಹುಟ್ಟಿದ ಕಣ್ಣಿಗೆ ಇಂಜೆಕ್ಷನ್ ಮಾತ್ರ ಕೊಟ್ಟು, ರೋಗಿ ಆರು ತಿಂಗಳು ಬಾರದೆ ಹೋದರೆ ಏನಾಗುತ್ತದೆ ಎಂಬ ಲೆಕ್ಕ 2019ರಲ್ಲಿ ಅಮೆರಿಕದಿಂದಲೇ ಬಂತು: ಲೇಸರ್ ಮಾಡಿಸಿಕೊಂಡು ಬಾರದೆ ಹೋದವರಿಗಿಂತ ಬರೀ ಇಂಜೆಕ್ಷನ್ ಪಡೆದು ತಪ್ಪಿಸಿಕೊಂಡವರ ಕಣ್ಣು ಹೆಚ್ಚು ಕೆಟ್ಟಿತ್ತು, ಅಕ್ಷಿಪಟಲ ಎಳೆದು ಕಿತ್ತುಬಂದದ್ದೂ ಅವರಲ್ಲೇ ಹೆಚ್ಚು. ಕಾರಣ ಸರಳ. ಔಷಧಿ ಕರಗಿತು, ಉಸಿರುಗಟ್ಟಿದ ಭಾಗ ಹಾಗೆಯೇ ಇದೆ, ಅಹವಾಲು ಮತ್ತೆ ಶುರು. ಕ್ರಮವಾಗಿ ಬರುವವರಲ್ಲಿ ಹೊಸ ನಾಳಕ್ಕೆ ಇಂಜೆಕ್ಷನ್ ಲೇಸರ್‌ನಷ್ಟೇ ಒಳ್ಳೆಯದು ಎಂದು 2015ರ ಇನ್ನೊಂದು ಪ್ರಯೋಗ ತೋರಿಸಿದೆ. ಆ ಫಲಿತಾಂಶದೊಳಗೆ ‘ಕ್ರಮವಾಗಿ ಬರುವವರಲ್ಲಿ’ ಎಂಬ ಷರತ್ತು ಅಡಗಿದೆ, ಕ್ರಮವಾಗಿ ಬರುವವರನ್ನೇ ಆರಿಸಿ ನಡೆಸಿದ ಪ್ರಯೋಗ ಅದು. ಆದ್ದರಿಂದ ಇಂಥ ಕಣ್ಣಿಗೆ ಬ್ಯಾರನ್ ಹೊತ್ತಿಸುವ ಮೊದಲೇ ಲೇಸರ್ ಮುಗಿಸುವುದು ನನಗೆ ಹೆಚ್ಚು ವಿವೇಕ ಎನಿಸುತ್ತದೆ. ಲೇಸರ್‌ಗೂ ಬೆಲೆ ಇದೆ: ಅಕ್ಕಪಕ್ಕದ ನೋಟ, ಇರುಳಿನ ನೋಟ ಸ್ವಲ್ಪ ಕುಗ್ಗುತ್ತದೆ. ಆನೆ ದಾರಿಯಲ್ಲಿ ಮಬ್ಬುಗತ್ತಲಲ್ಲಿ ನಡೆದುಬರುವವನಿಗೆ ಅದು ಸಣ್ಣ ಮಾತಲ್ಲ, ಮೊದಲೇ ಹೇಳಬೇಕು.

ಕಣ್ಣಿನ ಕಾಯಿಲೆ ಎಂದರೆ ನಮ್ಮ ಮನಸ್ಸಿನಲ್ಲಿ ಅಚ್ಚೊತ್ತಿರುವ ಮಾದರಿ ಪೊರೆಯದು. ಡಾ. ಎಂ.ಸಿ. ಮೋದಿ (1916–2005) ಊರೂರಲ್ಲಿ ಶಿಬಿರ ನಡೆಸಿ, ಒಂದೊಂದು ಶಿಬಿರದಲ್ಲಿ ನೂರಾರು ಜನರ ಪೊರೆ ತೆಗೆದ ನಾಡು ಇದು. ಒಂದು ಸಲ ಕತ್ತರಿಸಿದರೆ ಬೆಳಕು. ಆ ಮಹಾ ಉಪಕಾರದ ಜೊತೆಗೇ ಒಂದು ಗ್ರಹಿಕೆಯೂ ಉಳಿಯಿತು: ಕಾಣದಾದಾಗ ಹೋಗುವುದು, ಮಾಡಿಸಿಕೊಂಡು ಬರುವುದು. ಮೂಲ ಕಿತ್ತುಹಾಕುವ ಆಸೆಗೆ ಬಹುಶಃ ಇದೇ ಬೇರು. ಮಧುಮೇಹದ ಅಕ್ಷಿಪಟಲ ಕಾಣುತ್ತಿರುವಾಗಲೇ ಕೆಡುತ್ತದೆ. ಅಕ್ಷರದ ಹಲಗೆ ಓದಿಸಿದರೆ ಸಿಕ್ಕುವುದಿಲ್ಲ, ವರ್ಷಕ್ಕೊಮ್ಮೆ ಹಿಂಭಾಗದ ಫೋಟೋ ತೆಗೆಯಬೇಕು. ಫೋಟೋಕ್ಕೆ ಕಣ್ಣಿನ ತಜ್ಞರೇ ಬೇಕಿಲ್ಲ ಎಂಬುದನ್ನು ಕಿಡ್‌ರಾಪ್ ಈಗಾಗಲೇ ತೋರಿಸಿಕೊಟ್ಟಿದೆ. ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಯ ಆಸ್ಪತ್ರೆಗಳಿಗೆ ಹೋದರು, ಚಿತ್ರ ಬೆಂಗಳೂರಿಗೆ ಹೋಯಿತು, ಎಳೆಗೂಸು ಅಲ್ಲೇ ಇತ್ತು. ಹಸುಗೂಸಿನ ಕಣ್ಣಿಗೆ ಸಾಧ್ಯವಾದದ್ದು ಐವತ್ತು ದಾಟಿದವರ ಕಣ್ಣಿಗೆ ಸಾಧ್ಯವಾಗದೇ?

ಒಂದು ಆಕ್ಷೇಪವನ್ನು ನಾನು ಪೂರ್ತಿ ನಿವಾರಿಸಲಾರೆ. ಬಸ್ಸಿನ ವೇಳೆ ನೋಡಿ, ಬೆಳೆಯ ಕಾಲ ನೋಡಿ ಚಿಕಿತ್ಸೆ ಆರಿಸುವುದು ಬಡವರಿಗೊಂದು, ಉಳ್ಳವರಿಗೊಂದು ಎಂದ ಹಾಗಾಗಲಿಲ್ಲವೇ? ಅರ್ಧ ಉತ್ತರ ಇದೆ. ಅಗ್ಗದ ಔಷಧಿ ಎಂದರೆ ಕೀಳು ಔಷಧಿ ಎಂದಲ್ಲ: ನೋಟ ಅಷ್ಟೇನೂ ಕುಂದಿರದ ಕಣ್ಣುಗಳಲ್ಲಿ, ಮೂಲತಃ ಕ್ಯಾನ್ಸರಿಗೆಂದು ಬಂದ ಬೆವಸಿಝುಮ್ಯಾಬ್ ದುಬಾರಿ ಔಷಧಿಗಳಷ್ಟೇ ನೋಟ ಮರಳಿಸಿತ್ತು. ದೊಡ್ಡ ಸೀಸೆಯಿಂದ ಹಲವರಿಗೆ ಹಂಚುವಾಗ ಸೋಂಕು ತಗಲದಂತೆ ನೋಡಿಕೊಳ್ಳಬೇಕು, ಅದು ಶಿಸ್ತಿನ ಮಾತು. ಹೊಸ ನಾಳಕ್ಕೆ ಲೇಸರ್ ಮಾಡುವುದರಲ್ಲೂ ಕೀಳರಿಮೆ ಬೇಕಿಲ್ಲ. ಆದರೆ ಊದಿದ ನಡುಭಾಗಕ್ಕೆ ಲೇಸರ್ ಇಂಜೆಕ್ಷನ್ನಿಗೆ ಸಾಟಿಯಲ್ಲ, ಅಲ್ಲಿ ಬೇರೆ ದಾರಿ ಹೇಳಿ ನುಣುಚಿಕೊಳ್ಳಲು ಬರುವುದಿಲ್ಲ. ಆ ರೋಗಿಗೆ ಮೊದಲ ವರ್ಷ ಎಂಟೊಂಬತ್ತು ಸಲ ಸೂಜಿ ಬೇಕು, ಅವರು ಮೈಸೂರಿಗೆ ಅಷ್ಟು ಸಲ ಬರಲಾರರು ಎಂದಾದರೆ ಸೂಜಿಯೇ ಕೋಟೆಗೆ, ಸರಗೂರಿಗೆ, ಪಿರಿಯಾಪಟ್ಟಣಕ್ಕೆ ಹೋಗಬೇಕು. ಅದಕ್ಕೆ ಬೇಕಾದದ್ದು ಎರಡರಿಂದ ಎಂಟು ಡಿಗ್ರಿಯ ಒಂದು ಫ್ರಿಜ್ಜು, ಸೋಂಕಿಲ್ಲದ ಒಂದು ಕೋಣೆ, ಅಕ್ಷಿಪಟಲದ ದಪ್ಪ ಅಳೆಯುವ ಓಸಿಟಿ ಯಂತ್ರ, ಚುಚ್ಚಲು ಕಲಿತ ಒಬ್ಬ ಕಣ್ಣಿನ ವೈದ್ಯರು. ಪೊರೆ ಆಪರೇಷನ್ ನಡೆಯುವ ಯಾವ ಆಸ್ಪತ್ರೆಯಲ್ಲೂ ಇವುಗಳಲ್ಲಿ ಮೊದಲ ಎರಡು ಇದ್ದೇ ಇರಬೇಕು. ಉಳಿದವು ಎರಡು.